ಚತುರನ ಭಾಷಣಕ್ಕೆ ಈಗ ಯಾರು ನಗುತ್ತಾರೆ?

ಹೋದ ತಿಂಗಳು ಅಕ್ಕನ ಮನೆಯಲ್ಲಿದ್ದೆ. ಅಕ್ಕನ ಮಗಳು ಎಂಜಿನಿಯರಿಂಗ್ ಎರಡನೇ ವರ್ಷ, ಸೆಮಿಸ್ಟರ್ ರಜೆಗೆ ಬಂದಿದ್ದಳು. ಜೊತೆಗೆ ಹಾವೇರಿ ಕಡೆಯ ರೂಮ್‌ಮೇಟನ್ನೂ ಕರೆದುಕೊಂಡು ಬಂದಿದ್ದಳು. ರಾತ್ರಿ ಊಟ ಮುಗಿದ ಮೇಲೆ ಏನು ನೋಡೋಣ ಅನ್ನುವ ಮಾತು ಬಂತು. ಹಿಂದಿಯ ಕಾಲೇಜ್ ಸಿನಿಮಾ ‘ತ್ರೀ ಈಡಿಯಟ್ಸ್’ ಹಾಕಿ ಅಂದೆ. ಇಬ್ಬರೂ ಅದನ್ನು ಪೂರ್ತಿ ನೋಡಿರಲಿಲ್ಲ. ರೀಲ್ಸ್‌ನಲ್ಲಿ ತುಂಡು ತುಂಡಾಗಿ ನೋಡಿದ್ದರು, ಅಷ್ಟೇ. ‘ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತೆ, ನೋಡ್ತಿರಿ’ ಅಂತ ಬೇರೆ ಹೇಳಿದ್ದೆ.

ಸಿನಿಮಾದಲ್ಲಿ ಉರು ಹೊಡೆಯುವ ವಿದ್ಯಾರ್ಥಿ ಚತುರ್ ರಾಮಲಿಂಗಂ ಭಾಷಣಕ್ಕೆ ಮೈಕ್ ಮುಂದೆ ಬಂದ. ಅವನು ಬಾಯಿ ತೆಗೆಯುವ ಮುಂಚೆಯೇ ನಾನು ನಗಲು ಶುರು ಮಾಡಿದ್ದೆ. ಸ್ವಲ್ಪ ಹೊತ್ತಾದ ಮೇಲೆ, ಆ ಹಾಲ್‌ನಲ್ಲಿ ಕೇಳಿಸುತ್ತಿರುವುದು ನನ್ನ ನಗು ಒಂದೇ ಅಂತ ಗೊತ್ತಾಯಿತು. ಹುಡುಗಿಯರು ಸಿಟ್ಟಾಗಿರಲಿಲ್ಲ, ಮುಖವನ್ನೂ ಸಿಂಡರಿಸಿರಲಿಲ್ಲ. ಬಸ್ಸಿಗೆ ಕಾಯುವವರ ಥರ ಕೂತಿದ್ದರು. ಕೊನೆಗೆ ಅಕ್ಕನ ಮಗಳು ಕೇಳಿದಳು: ‘ಇಷ್ಟು ಉದ್ದ ಯಾಕೆ ಮಾಮ ಈ ಸೀನು?’

‘ಛೀ, ಇದು ಅಸಹ್ಯ’ ಅಂದಿದ್ದರೆ ವಾದ ಮಾಡಬಹುದಿತ್ತು. ಬೋರ್ ಅಂದವರ ಹತ್ತಿರ ಏನು ವಾದ ಮಾಡೋದು?

ಆಮೇಲೆ ಈ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಕಾಲದ ಕಾಲೇಜ್ ಸಿನಿಮಾಗಳಿಗೆ ಈಗಿನ ಹುಡುಗರು ನಗುತ್ತಾರಾ? ನಗದಿದ್ದರೆ ಯಾಕೆ ನಗುವುದಿಲ್ಲ? ‘ಈಗಿನವರಿಗೆ ಎಲ್ಲದಕ್ಕೂ ಬೇಜಾರಾಗುತ್ತೆ, ತಮಾಷೆ ಅಂದ್ರೆ ಆಗಲ್ಲ’ ಅನ್ನುವುದು ನನ್ನ ವಯಸ್ಸಿನವರ ರೆಡಿಮೇಡ್ ಉತ್ತರ. ಅದನ್ನು ನಾನು ನಂಬುವುದಿಲ್ಲ. ಈ ಇಬ್ಬರು ಹುಡುಗಿಯರು ತಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಹಂಚಿಕೊಳ್ಳುವ ಮೀಮ್‌ಗಳನ್ನು ಒಮ್ಮೆ ನೋಡಿದ್ದೇನೆ. ಅವುಗಳ ಮುಂದೆ ನಮ್ಮ ಹಾಸ್ಟೆಲ್ ಜೋಕುಗಳು ಶಿಶುವಿಹಾರದವು.

ಮೊದಲು ಆ ಭಾಷಣವನ್ನೇ ಹತ್ತಿರದಿಂದ ನೋಡೋಣ. 2009ರ ಡಿಸೆಂಬರ್ 25ರಂದು ಬಿಡುಗಡೆಯಾದ ಸಿನಿಮಾ, ರಾಜ್‌ಕುಮಾರ್ ಹಿರಾನಿ ನಿರ್ದೇಶನ. ಚತುರ್ ಹುಟ್ಟಿದ್ದು ಉಗಾಂಡದಲ್ಲಿ, ಓದಿದ್ದು ಪುದುಚೇರಿಯಲ್ಲಿ. ಹಿಂದಿ ಅಷ್ಟಕ್ಕಷ್ಟೇ. ಕಾಲೇಜಿನ ಕಾರ್ಯಕ್ರಮಕ್ಕೆ ಶಿಕ್ಷಣ ಮಂತ್ರಿ ಬರುತ್ತಾರೆ ಅಂತ ಲೈಬ್ರರಿಯವರ ಹತ್ತಿರ ಅಚ್ಚ ಹಿಂದಿಯಲ್ಲಿ ಭಾಷಣ ಬರೆಸಿಕೊಂಡು ಉರು ಹೊಡೆಯುತ್ತಾನೆ. ಸಿನಿಮಾದ ನಾಯಕ ರಾಂಚೋ ಅದರಲ್ಲಿ ಎರಡು ಪದ ಬದಲಾಯಿಸುತ್ತಾನೆ. ‘ಚಮತ್ಕಾರ’ ಇದ್ದಲ್ಲೆಲ್ಲ ‘ಬಲಾತ್ಕಾರ’, ‘ಧನ’ ಇದ್ದಲ್ಲೆಲ್ಲ ‘ಸ್ತನ’. ನಮ್ಮ ನಿರ್ದೇಶಕರು 32 ವರ್ಷಗಳಿಂದ ಈ ಕಾಲೇಜಿನಲ್ಲಿ ಅದನ್ನೇ ಮಾಡುತ್ತಾ ಬಂದಿದ್ದಾರೆ ಅಂತ ಚತುರ್ ಹೊಗಳುತ್ತಾ ಹೋಗುತ್ತಾನೆ. ಸಭೆ ಬಿದ್ದು ಬಿದ್ದು ನಗುತ್ತದೆ.

ಈ ಜೋಕಿಗೆ ಎರಡು ಪದರ ಇದೆ. ಒಳಗಿನದು ಬಾಯಿಪಾಠದ ಗೇಲಿ. ಅರ್ಥ ಗೊತ್ತಿಲ್ಲದೆ ಉರು ಹೊಡೆದರೆ ಏನಾಗುತ್ತದೆ ಅಂತ ತೋರಿಸುವುದು ರಾಂಚೋನ ಉದ್ದೇಶ. ಇದು ಒಳ್ಳೇ ಜೋಕು, ಇವತ್ತಿಗೂ ಸವೆದಿಲ್ಲ. ಮೇಲಿನ ಪದರ ಆ ಎರಡು ಪದಗಳು. ಚಮತ್ಕಾರದ ಜಾಗದಲ್ಲಿ ಬೇರೆ ಯಾವ ಪದ ಹಾಕಿದ್ದರೂ ಬಾಯಿಪಾಠದ ಗೇಲಿ ನಡೆಯುತ್ತಿತ್ತು. ಆದರೆ ಥಿಯೇಟರಿನಲ್ಲಿ ಶಿಳ್ಳೆ ಬಿದ್ದದ್ದು ಈ ಪದಕ್ಕೇ. 2012ರಲ್ಲಿ ಶಂಕರ್ ಇದೇ ಸಿನಿಮಾವನ್ನು ತಮಿಳಿನಲ್ಲಿ ‘ನಣ್ಬನ್’ ಅಂತ ಮಾಡಿದರು. ಅಲ್ಲಿ ಹಿಂದಿಯ ಪದಜೋಡಿ ಕೆಲಸಕ್ಕೆ ಬರುವುದಿಲ್ಲ ನೋಡಿ. ತಮಿಳಿನದೇ ಬೇರೆ ಜೋಡಿ ಹುಡುಕಬೇಕು. ಏನು ಹುಡುಕಿದರು? ಕಲಿಸುವುದು ಅನ್ನುವ ಅರ್ಥದ ಪದ ಅತ್ಯಾಚಾರ ಅನ್ನುವ ಅರ್ಥದ ಪದವಾಗಿ ಬದಲಾಯಿತು. ಬೇರೆ ಸಾವಿರ ದಾರಿ ಇದ್ದರೂ ಮತ್ತೆ ಅಲ್ಲಿಗೇ ಬಂದು ನಿಂತರು. ಜೋಕಿನ ಜೀವ ಅಲ್ಲಿದೆ ಅಂತ ಅವರಿಗೂ ಅನಿಸಿತ್ತು.

2009ಕ್ಕೂ ಇವತ್ತಿಗೂ ನಡುವೆ 2012ರ ಡಿಸೆಂಬರ್ ಇದೆ. ದೆಹಲಿಯ ಬಸ್ಸಿನಲ್ಲಿ ಆ ಅತ್ಯಾಚಾರದ ಘಟನೆ ಆದ ಮೇಲೆ ದೇಶದ ಬೀದಿಗಳೆಲ್ಲ ತುಂಬಿದವು. 2013ರಲ್ಲಿ ಕಾನೂನು ಬದಲಾಯಿತು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ ಬಂದದ್ದೂ ಅದೇ ವರ್ಷ. ಕಾಲೇಜುಗಳಿಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2015ರ ನಿಯಮಾವಳಿ ಬಂತು, ಪ್ರತಿ ಕಾಲೇಜಿನಲ್ಲೂ ದೂರು ಸಮಿತಿ ಇರಲೇಬೇಕು ಅಂತಾಯಿತು. ಅಕ್ಕನ ಮಗಳು ಹುಟ್ಟಿದ್ದು 2006ರಲ್ಲಿ. ‘ಬಲಾತ್ಕಾರ’ ಅನ್ನುವ ಆ ಪದವನ್ನು ಅವಳು ಮೊದಲು ಕೇಳಿದ್ದೇ ಟಿವಿ ಸುದ್ದಿಯಲ್ಲಿ, ಅಮ್ಮ ಗಡಬಡಿಸಿ ಚಾನೆಲ್ ಬದಲಾಯಿಸಿದ ಹೊತ್ತಿನಲ್ಲಿ. ನಮಗೆ ಅದು ಹಳೇ ಸಿನಿಮಾದ ಖಳನಾಯಕನ ಡೈಲಾಗಿನ ಪದವಾಗಿತ್ತು. ಕಿವಿಗೆ ಬಿದ್ದ ದಾರಿಯೇ ಬೇರೆ ಬೇರೆ. ನಗು ಒಂದೇ ಥರ ಬರಬೇಕು ಅಂದರೆ ಹೇಗೆ?

ಇಷ್ಟು ಯೋಚಿಸಿ ಸಮಾಧಾನ ಮಾಡಿಕೊಂಡಿದ್ದೆ. ಕಾಲ ಬದಲಾಯಿತು, ಜೋಕು ಹಳತಾಯಿತು ಅಂತ. ಮರುದಿನ ಬೆಳಿಗ್ಗೆ ಅಕ್ಕ ಕಾಫಿ ಕೊಡುತ್ತಾ ಆ ಸಮಾಧಾನವನ್ನೂ ಕೆಡಿಸಿದಳು. ಅವಳೂ ಆ ಸಿನಿಮಾವನ್ನು ಬಿಡುಗಡೆಯಾದ ವಾರವೇ ನೋಡಿದ್ದಳು. ಮಾವ, ಅತ್ತೆ, ಮೈದುನ, ಮೈದುನನ ಸ್ನೇಹಿತರು, ಹನ್ನೊಂದು ಜನ ಒಟ್ಟಿಗೆ ಹೋಗಿದ್ದರಂತೆ. ‘ಆ ಸೀನು ಬಂದಾಗ ನೀನೂ ನಕ್ಕಿರ್ತೀಯಲ್ಲ?’ ಅಂದೆ.

‘ನಗದೆ ಏನು ಮಾಡ್ಲಿ? ಸಾಲಿಗೆ ಸಾಲೇ ನಗ್ತಾ ಇತ್ತು. ಸ್ವಲ್ಪ ಹೊತ್ತು ಹಲ್ಲು ಬಿಟ್ಟೆ. ಆಮೇಲೆ ಪಾಪ್‌ಕಾರ್ನ್ ಡಬ್ಬಿ ಒಳಗೆ ನೋಡ್ತಾ ಕೂತೆ.’

ಅಂದರೆ ಆಗಲೂ ಎಲ್ಲರಿಗೂ ನಗು ಬಂದಿರಲಿಲ್ಲ. ಥಿಯೇಟರಿನ ಕತ್ತಲಲ್ಲಿ ಅದು ಲೆಕ್ಕಕ್ಕೆ ಸಿಗಲಿಲ್ಲ, ಅಷ್ಟೇ. ನಮ್ಮ ಗ್ಯಾಂಗು ಶಿಳ್ಳೆ ಹೊಡೆಯುತ್ತಿದ್ದಾಗ ನಾಲ್ಕು ಸಾಲು ಹಿಂದೆ ಎಷ್ಟು ಜನ ಡಬ್ಬಿ ಒಳಗೆ ನೋಡುತ್ತಾ ಕೂತಿದ್ದರೋ.

ಕ್ಯಾಮೆರಾ ಕೂತ ಜಾಗ

ಕಾಲೇಜ್ ಸಿನಿಮಾ ಯಾವ ಭಾಷೆಯದೇ ಇರಲಿ, ಕ್ಯಾಮೆರಾ ಸಾಮಾನ್ಯವಾಗಿ ಹುಡುಗರ ಕೊನೇ ಬೆಂಚಿನಲ್ಲಿ ಕೂತಿರುತ್ತದೆ. ಅಲ್ಲಿಂದ ಲೆಕ್ಚರರ್ ಕಾಣುತ್ತಾರೆ, ಮುಂದಿನ ಬೆಂಚಿನ ಕುಡುಮಿಗಳ ಬೆನ್ನು ಕಾಣುತ್ತದೆ, ಪಕ್ಕದ ಸಾಲಿನ ಹುಡುಗಿಯ ಜಡೆ ಕಾಣುತ್ತದೆ. ಆ ಹುಡುಗಿಗೆ ಏನು ಕಾಣುತ್ತಿದೆ ಅನ್ನುವುದು ಗೊತ್ತಾಗುವುದಿಲ್ಲ.

ಇದನ್ನು ಶುರು ಮಾಡಿದ್ದು ನಾವಲ್ಲ. ಈ ಜಾತಿಯ ಸಿನಿಮಾಗಳ ಅಜ್ಜ ಅಂತ ಕರೆಯಬಹುದಾದದ್ದು ಅಮೆರಿಕದ ‘ಅನಿಮಲ್ ಹೌಸ್’. 1978ರ ಸಿನಿಮಾ, ಕಥೆ ನಡೆಯುವುದು 1962ರಲ್ಲಿ, ಫೇಬರ್ ಅನ್ನುವ ಕಾಲ್ಪನಿಕ ಕಾಲೇಜಿನಲ್ಲಿ. ಸುಮಾರು 30 ಲಕ್ಷ ಡಾಲರ್‌ನಲ್ಲಿ ಮಾಡಿದ ಚಿತ್ರ 14 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತು. 2001ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಕಾಪಿಟ್ಟುಕೊಳ್ಳಬೇಕಾದ ಸಿನಿಮಾಗಳ ಪಟ್ಟಿಗೂ ಸೇರಿಸಿತು. ಅದರ ಅತಿ ಹೆಸರಾದ ದೃಶ್ಯಗಳಲ್ಲಿ ಒಂದು, ಜಾನ್ ಬೆಲುಶಿ ಏಣಿ ಹತ್ತಿ ಹುಡುಗಿಯರ ಹಾಸ್ಟೆಲ್ ಕಿಟಕಿಯಲ್ಲಿ ಇಣುಕುವುದು. ಇಣುಕುತ್ತಾ ಇಣುಕುತ್ತಾ ನಮ್ಮ ಕಡೆ ತಿರುಗಿ ಹುಬ್ಬು ಹಾರಿಸುತ್ತಾನೆ. ‘ನೀನೂ ನೋಡ್ತಿದ್ದೀಯಲ್ಲ, ಬಾ’ ಅನ್ನುವ ಹಾಗೆ. ಕೊನೇ ಬೆಂಚು ಅಂದರೆ ಇದೇ. ನೋಡುವವನು ಗಂಡಸು ಅಂತ ಸಿನಿಮಾ ಮೊದಲೇ ತೀರ್ಮಾನ ಮಾಡಿಬಿಟ್ಟಿದೆ.

1984ರ ‘ರಿವೆಂಜ್ ಆಫ್ ದಿ ನರ್ಡ್ಸ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ನಾಯಕ ಹುಡುಗಿಯ ಬಾಯ್‌ಫ್ರೆಂಡಿನ ಮುಖವಾಡ ಹಾಕಿಕೊಂಡು, ಅವನೇ ಅಂತ ನಂಬಿಸಿ ಅವಳ ಜೊತೆ ಮಲಗುತ್ತಾನೆ. ಗೊತ್ತಾದ ಮೇಲೆ ಅವಳು ಖುಷಿಯಾಗಿ ಅವನನ್ನೇ ಪ್ರೀತಿಸುತ್ತಾಳೆ! ಇದು ಆಗಿನ ಕಾಮಿಡಿ. ನಿರ್ದೇಶಕ ಜೆಫ್ ಕನ್ಯೂ ಎಷ್ಟೋ ವರ್ಷಗಳ ಮೇಲೆ ಆ ದೃಶ್ಯದ ಬಗ್ಗೆ ವಿಷಾದ ಹೇಳಿಕೊಂಡರು. ಅದೇ ಎಂಬತ್ತರ ದಶಕದ ಹೈಸ್ಕೂಲ್ ಸಿನಿಮಾಗಳ ನಾಯಕಿ ಮಾಲಿ ರಿಂಗ್‌ವಾಲ್ಡ್ 2018ರಲ್ಲಿ ‘ದಿ ನ್ಯೂಯಾರ್ಕರ್’ನಲ್ಲಿ ಒಂದು ಪ್ರಬಂಧ ಬರೆದರು. ತಾನು ನಟಿಸಿದ ಸಿನಿಮಾವನ್ನೇ ಮಗಳ ಪಕ್ಕ ಕೂತು ನೋಡಿದ ಅನುಭವ ಅದರಲ್ಲಿದೆ. ತಾನು ಪ್ರೀತಿಸಿದ ಸಿನಿಮಾ, ಆದರೆ ಮಗಳು ಪಕ್ಕದಲ್ಲಿದ್ದಾಗ ಬೇರೆಯಾಗಿ ಕಂಡಿತು. ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನುವುದರ ಮೇಲೆ ಜೋಕು ಬದಲಾಗುತ್ತದೆ. ನನಗೆ ಆ ರಾತ್ರಿ ಆದದ್ದೂ ಇದೇ. ಅದೇ ಭಾಷಣವನ್ನು ಒಬ್ಬನೇ ನೋಡಿದ್ದರೆ ನಕ್ಕು ಮುಗಿಸುತ್ತಿದ್ದೆ.

ಒಂದು ಮಾತು ಸಿನಿಮಾದ ಪರವಾಗಿಯೂ ಹೇಳಬೇಕು. ‘ತ್ರೀ ಈಡಿಯಟ್ಸ್’ನ ತರಗತಿಯಲ್ಲಿ ಹುಡುಗಿಯರು ಇಲ್ಲದಂತಿರುವುದು ಪೂರ್ತಿ ಸುಳ್ಳೇನಲ್ಲ. ಕರೀನಾ ಕಪೂರ್ ಮಾಡಿದ ಪಿಯಾ ಪಾತ್ರ ಆ ಕಾಲೇಜಿನ ವಿದ್ಯಾರ್ಥಿನಿಯೇ ಅಲ್ಲ. ಅವಳು ಕಾಲೇಜಿನ ನಿರ್ದೇಶಕರ ಮಗಳು, ಓದುತ್ತಿರುವುದು ಮೆಡಿಕಲ್. ಆಗಿನ ದೊಡ್ಡ ಎಂಜಿನಿಯರಿಂಗ್ ಕಾಲೇಜುಗಳು ಹೆಚ್ಚು ಕಮ್ಮಿ ಹಾಗೇ ಇದ್ದವು. ಐಐಟಿಗಳು ಹುಡುಗಿಯರಿಗಾಗಿ ಹೆಚ್ಚುವರಿ ಸೀಟು ಶುರು ಮಾಡಿದ್ದು 2018ರಲ್ಲಿ. ಮೊದಲ ವರ್ಷದ ಗುರಿ ಶೇ 14 ಇತ್ತು, 2020ಕ್ಕೆ ಶೇ 20. ಗುರಿಯೇ ಇಷ್ಟು ಅಂದ ಮೇಲೆ ಅದಕ್ಕೂ ಮುಂಚೆ ಹೇಗಿತ್ತು ಅಂತ ಊಹಿಸಿಕೊಳ್ಳಿ.

ಒಟ್ಟಾರೆ ಕಾಲೇಜುಗಳ ಲೆಕ್ಕ ಇನ್ನೂ ಬೇಗ ಬದಲಾಯಿತು. ಕೇಂದ್ರ ಶಿಕ್ಷಣ ಇಲಾಖೆಯ ಉನ್ನತ ಶಿಕ್ಷಣ ಸಮೀಕ್ಷೆ ಪ್ರಕಾರ 2010-11ರಲ್ಲಿ ಒಟ್ಟು ದಾಖಲಾತಿ ಪ್ರಮಾಣ (18ರಿಂದ 23 ವಯಸ್ಸಿನ ನೂರು ಜನಕ್ಕೆ ಎಷ್ಟು ಜನ ಕಾಲೇಜಿನಲ್ಲಿದ್ದಾರೆ ಅನ್ನುವ ಲೆಕ್ಕ) ಹುಡುಗರದು 20.8 ಇದ್ದರೆ ಹುಡುಗಿಯರದು 17.9. 2021-22ರಲ್ಲಿ ಹುಡುಗರದು 28.3, ಹುಡುಗಿಯರದು 28.5. ಕೂದಲೆಳೆಯಷ್ಟಾದರೂ ಹುಡುಗಿಯರೇ ಮುಂದೆ. ಆ ವರ್ಷ ಕಾಲೇಜಿನಲ್ಲಿದ್ದ 4.33 ಕೋಟಿ ಜನರಲ್ಲಿ 2.07 ಕೋಟಿ ಹೆಣ್ಣುಮಕ್ಕಳು. ಕಾಲೇಜ್ ಸಿನಿಮಾ ಯಾರಿಗಾಗಿ ಅಂತ ಕೇಳಿದರೆ ಅರ್ಧ ಸೀಟಿನಲ್ಲಿ ಕೂತಿರುವವರು ಇವರೇ. ಕ್ಯಾಮೆರಾ ಮಾತ್ರ ಇನ್ನೂ ಅದೇ ಬೆಂಚಿನಲ್ಲಿದ್ದರೆ ಅವರು ಫೋನ್ ತೆಗೆಯುತ್ತಾರೆ.

ಫೋನ್ ಅಂದ ಕೂಡಲೇ ಇನ್ನೊಂದು ವಿಷಯ. ಕಾಲೇಜ್ ಸಿನಿಮಾ ಗುಂಪಲ್ಲಿ ನೋಡುವುದಕ್ಕೆ ಅಂತಲೇ ಮಾಡಿದ ಮಾಲು. ಮಾಸ್ ಬಂಕ್ ಹಾಕಿ, ಮುಂದಿನ ಸಾಲು ಪೂರ್ತಿ ಹಿಡಿದು, ಪರದೆ ಮೇಲಿನ ಪ್ರಿನ್ಸಿಪಾಲರಿಗೆ ನಮ್ಮ ಪ್ರಿನ್ಸಿಪಾಲರ ಅಡ್ಡಹೆಸರು ಕೂಗುತ್ತಾ ನೋಡಬೇಕು. ಅಲ್ಲಿ ಜೋಕು ಚೆನ್ನಾಗಿಲ್ಲದಿದ್ದರೂ ಪಕ್ಕದವನ ನಗುವಿಗೆ ನಮಗೆ ನಗು ಬರುತ್ತದೆ. ಇಯರ್‌ಫೋನ್ ಹಾಕಿಕೊಂಡು ಬಸ್ಸಿನಲ್ಲಿ ಒಬ್ಬಳೇ ನೋಡುವವಳಿಗೆ ಆ ಸಾಲದ ನಗು ಸಿಗುವುದಿಲ್ಲ. ಜೋಕು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ನಮ್ಮ ಕಾಲದ ಎಷ್ಟೋ ಜೋಕುಗಳಿಗೆ ಕಾಲೇ ಇರಲಿಲ್ಲ, ಗ್ಯಾಂಗು ಹೊತ್ತುಕೊಂಡು ಓಡಾಡುತ್ತಿತ್ತು.

ನಾವೆಲ್ಲ ಚತುರರೇ

ಹಾವೇರಿಯ ಹುಡುಗಿಗೆ ಆ ಭಾಷಣದಲ್ಲಿ ಕಂಡದ್ದು ಬೇರೆ. ಅವಳು ಕೇಳಿದ್ದು ಇದು: ‘ಅವನಿಗೆ ಹಿಂದಿ ಬರಂಗಿಲ್ಲ ಅಂತ ಇಷ್ಟೊತ್ತು ನಗೂದೇನ್ರಿ ಅಂಕಲ್?’

ಇದಕ್ಕೆ ನಾನು ಸಿದ್ಧವಾಗಿರಲಿಲ್ಲ. ಹದಿನಾರು ವರ್ಷದಿಂದ ಆ ದೃಶ್ಯಕ್ಕೆ ನಕ್ಕಿದ್ದೇನೆ, ನನ್ನ ತಲೆಗೆ ಇದು ಹೊಳೆದೇ ಇರಲಿಲ್ಲ. ಹಿಂದಿ ಬಾರದೆ, ಅರ್ಥ ಗೊತ್ತಿಲ್ಲದೆ ಉರು ಹೊಡೆದು ಒಪ್ಪಿಸುವವನು ಯಾರು? ನಾನೇ! ನಮ್ಮಲ್ಲಿ ಹಿಂದಿ ಪ್ರಥಮ, ಮಧ್ಯಮ ಪರೀಕ್ಷೆ ಕಟ್ಟಿದವರೆಲ್ಲ ಹಾಗೇ ತಾನೇ? ‘ದೀಪಾವಳಿ’, ‘ಗಾಂಧೀಜಿ’ ಅಂತ ಎರಡು ಪ್ರಬಂಧ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಯಾವುದು ಬಂದರೂ ಆ ಎರಡರಲ್ಲಿ ಒಂದನ್ನು ಕಕ್ಕಿ ಬರುತ್ತಿದ್ದೆವು. ಯಾರಾದರೂ ನಡುವೆ ಎರಡು ಪದ ಬದಲಾಯಿಸಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ. ಆದರೂ ಥಿಯೇಟರಿನಲ್ಲಿ ನಾನು ಕೂತದ್ದು ಹಿಂದಿ ಬಲ್ಲವರ ಸಾಲಿನಲ್ಲಿ. ನಾನು ಚತುರನ ಥರ ಅಲ್ಲ ಅಂತ ತೋರಿಸಿಕೊಳ್ಳಲು ಸ್ವಲ್ಪ ಜೋರಾಗಿಯೇ ನಕ್ಕಿರಬೇಕು.

(ಕಥೆಯಲ್ಲಿ ಆ ಕಾಲೇಜು ದೆಹಲಿಯಲ್ಲಿದೆ. ಚಿತ್ರೀಕರಣ ಆದದ್ದು ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ. ವಾಸ್ತುಶಿಲ್ಪಿ ಬಿ. ವಿ. ದೋಶಿ ಕಟ್ಟಿದ ಆ ಬೂದು ಕಲ್ಲಿನ ಗೋಡೆ, ಮೇಲೆ ಹಬ್ಬಿದ ಬಳ್ಳಿ, ಎಲ್ಲ ಗುರುತು ಸಿಗುತ್ತದೆ. ಬೆಂಗಳೂರಿನ ನಡುವೆ ನಿಂತು ದಕ್ಷಿಣದವನ ಹಿಂದಿಗೆ ನಕ್ಕಿದ್ದಾರೆ ಅನ್ನುವುದು ಒಂದು ತಮಾಷೆ.)

ಈಗಿನ ಕನ್ನಡದ ಹುಡುಗ ಹುಡುಗಿಯರಿಗೆ ಭಾಷೆಯ ಬಗ್ಗೆ ನಮಗಿಂತ ಸೂಕ್ಷ್ಮ ಜಾಸ್ತಿ. ಬ್ಯಾಂಕಿನಲ್ಲಿ, ಮೆಟ್ರೋದಲ್ಲಿ, ಆಟೋದಲ್ಲಿ ದಿನಾ ಹಿಂದಿ ಜಗಳ ನೋಡಿಕೊಂಡು ಬೆಳೆದವರು. ಅದರ ಜೊತೆಗೆ ಕನ್ನಡದೊಳಗಿನ ಭಾಷೆಯ ಜೋಕೂ ಇದೆ. ಸಿಇಟಿ ಬರೆದು ಸೇರುವ ಹಾಸ್ಟೆಲ್ ಅಂದರೆ ಒಂದೇ ರೂಮಿನಲ್ಲಿ ಮಂಡ್ಯದ ‘ಏನ್ಲಾ’, ಧಾರವಾಡದ ‘ಏನಲೇ’, ಮಂಗಳೂರಿನ ‘ಎಂತ ಮಾರಾಯ’ ಮೂರೂ ಇರುತ್ತವೆ. ಇದರಷ್ಟು ನಗು ಹುಟ್ಟಿಸುವ ಜಾಗ ಇನ್ನೊಂದಿಲ್ಲ. ರೂಮಿನೊಳಗೆ ಮೂವರೂ ಮೂವರನ್ನೂ ಅಣಕಿಸುತ್ತಾರೆ, ಲೆಕ್ಕ ಸಮ ಆಗುತ್ತದೆ. ಸಿನಿಮಾಕ್ಕೆ ಬಂದಾಗ ಮಾತ್ರ ಹೀರೋ ಬೆಂಗಳೂರು ಕನ್ನಡ ಆಡುತ್ತಾನೆ, ಉತ್ತರ ಕರ್ನಾಟಕದವನು ಕಾಮಿಡಿ ಪೀಸ್ ಆಗುತ್ತಾನೆ. ಹಾವೇರಿ ಹುಡುಗಿ ಇದನ್ನೂ ಹೇಳಿದಳು. ‘ನಮ್ಮ ಕಡೆಯವ ಒಬ್ಬ ಇರ್ತಾನ್ರಿ, ರೊಟ್ಟಿ ರೊಟ್ಟಿ ಅಂತಿರ್ತಾನ. ಅಷ್ಟ ಅವನ ಕೆಲಸ.’ ಅದಕ್ಕೆ ಮಾತ್ರ ನಾವು ಮೂವರೂ ನಕ್ಕೆವು.

ಚಮಚ ಮತ್ತು ಬೆಂಕಿಕಡ್ಡಿ

ರ‍್ಯಾಗಿಂಗ್ ದೃಶ್ಯಕ್ಕೆ ಇಬ್ಬರೂ ನಗುವುದಿಲ್ಲ ಅಂದುಕೊಂಡಿದ್ದೆ. ನಕ್ಕರು. ಸೀನಿಯರ್ ಒಬ್ಬ ರಾಂಚೋನ ರೂಮಿನ ಬಾಗಿಲಿಗೆ ಮೂತ್ರ ಮಾಡಲು ಹೋಗುತ್ತಾನೆ. ಒಳಗಿಂದ ರಾಂಚೋ ಚಮಚಕ್ಕೆ ಕರೆಂಟು ಕೊಟ್ಟು ಬಾಗಿಲ ಕೆಳಗೆ ತಳ್ಳುತ್ತಾನೆ. ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ ಅನ್ನುವ ಸ್ಕೂಲಿನ ಪಾಠ. ರೂಮ್‌ಮೇಟ್ ಓದುತ್ತಿರುವುದು ಎಲೆಕ್ಟ್ರಿಕಲ್. ನಗು ಮುಗಿಸಿ ಗಂಭೀರವಾಗಿ ‘ಹಂಗ ಮಾಡಿದ್ರ ಸೀನಿಯರ್ ಸತ್ತಹೋಗ್ತಾನ’ ಅಂದಳು. ಆಮೇಲೆ ಇಬ್ಬರೂ ಇನ್ನೂ ಜೋರಾಗಿ ನಕ್ಕರು.

ಆದರೆ ಅದಕ್ಕೂ ಮುಂಚಿನ ತುಂಡು, ಹೊಸ ಹುಡುಗರು ಚಡ್ಡಿಯಲ್ಲಿ ಸಾಲಾಗಿ ನಿಂತಿರುವುದು, ಅದಕ್ಕೆ ನಗಲಿಲ್ಲ. ಇದು ಅವರಿಗೆ ಸಿನಿಮಾ ಅನಿಸುವುದೇ ಇಲ್ಲ, ದೂರು ಅನಿಸುತ್ತದೆ. 2009ರ ಮಾರ್ಚ್‌ನಲ್ಲಿ ಹಿಮಾಚಲದ ಮೆಡಿಕಲ್ ಕಾಲೇಜೊಂದರಲ್ಲಿ ಸೀನಿಯರ್‌ಗಳು ಹೊಡೆದು ಮೊದಲ ವರ್ಷದ ಹುಡುಗನೊಬ್ಬ ಸತ್ತ. ಜೂನ್‌ನಲ್ಲಿ ಯುಜಿಸಿ ರ‍್ಯಾಗಿಂಗ್ ತಡೆ ನಿಯಮ ತಂದಿತು. ವಿದ್ಯಾರ್ಥಿ, ಅಪ್ಪ ಅಮ್ಮ ಎಲ್ಲ ಮುಚ್ಚಳಿಕೆ ಬರೆದುಕೊಡಬೇಕು ಅಂತಾಯಿತು. ಸಿನಿಮಾ ಬಂದದ್ದು ಆರು ತಿಂಗಳ ಮೇಲೆ. ನಾವು ಅದನ್ನು ನೋಡಿ ನಕ್ಕಾಗ ರ‍್ಯಾಗಿಂಗ್ ನಮಗೆ ಹಳೇ ನೆನಪು. ಈ ಹುಡುಗಿಯರು ಪ್ರತಿ ವರ್ಷ ಆ ಮುಚ್ಚಳಿಕೆ ತುಂಬಿ ಬರುವವರು.

ನನ್ನ ಹಾಸ್ಟೆಲಿನಲ್ಲಿ ನನ್ನಿಂದ ಕಾರಿಡಾರ್ ಅಳೆಸಿದ್ದರು, ಬೆಂಕಿಕಡ್ಡಿಯಲ್ಲಿ. ರಾತ್ರಿ ಒಂದು ಗಂಟೆಗೆ ಮುಗಿಯಿತು. ‘ಎಷ್ಟು ಕಡ್ಡಿ?’ ಅಂದರು. ಹೇಳಿದೆ. ‘ತಪ್ಪು, ಮತ್ತೆ ಅಳೆ’ ಅಂದರು. ಈ ಕಥೆಯನ್ನು ನೂರು ಸಲ ಹೇಳಿದ್ದೇನೆ, ಪ್ರತಿ ಸಲ ನಗು ಬಿದ್ದಿದೆ. ಹೇಳದೆ ಇರುವುದು ಇನ್ನೊಂದು. ನನ್ನ ಪಕ್ಕದ ಮಂಚದ ಹುಡುಗ ಮೂರನೇ ವಾರ ಟ್ರಂಕು ತೆಗೆದುಕೊಂಡು ಊರಿಗೆ ಹೋದ. ವಾಪಸ್ ಬರಲಿಲ್ಲ. ರ‍್ಯಾಗಿಂಗ್ ಕಾಮಿಡಿ ಆಗಬೇಕಾದರೆ ಹೀರೋ ಉಳಿಯಬೇಕು, ಸೀನಿಯರ್ ಆಗಬೇಕು. ಟ್ರಂಕು ತೆಗೆದುಕೊಂಡು ಹೋದವನು ಕಾಲೇಜಲ್ಲೇ ಇಲ್ಲ, ಕಾಲೇಜ್ ಸಿನಿಮಾದಲ್ಲಿ ಹೇಗೆ ಇರುತ್ತಾನೆ?

ಈ ಸಿನಿಮಾದಲ್ಲಿ ಅಂಥವನೊಬ್ಬ ಇದ್ದಾನೆ ಅನ್ನುವುದೇ ಇದರ ದೊಡ್ಡ ಗುಣ. ಜಾಯ್ ಲೋಬೋ. ಪ್ರಾಜೆಕ್ಟ್ ಹೊತ್ತಿಗೆ ಮುಗಿಯಲಿಲ್ಲ ಅಂತ ನಿರ್ದೇಶಕರು ಅವನನ್ನು ಪಾಸು ಮಾಡುವುದಿಲ್ಲ, ಅವನು ಪ್ರಾಣ ಕಳೆದುಕೊಳ್ಳುತ್ತಾನೆ. 2009ರಲ್ಲಿ ಆ ಭಾಗ ಬಂದಾಗ ಥಿಯೇಟರಿನಲ್ಲಿ ಜನ ಸಿಗರೇಟಿಗೆ ಎದ್ದು ಹೋಗುತ್ತಿದ್ದದ್ದು ನನಗೆ ನೆನಪಿದೆ, ಕಾಮಿಡಿ ಮತ್ತೆ ಶುರುವಾದಾಗ ಬರೋಣ ಅಂತ. ಈ ಹುಡುಗಿಯರು ಪೂರ್ತಿ ಸಿನಿಮಾದಲ್ಲಿ ಫೋನ್ ಕೆಳಗಿಟ್ಟು ನೋಡಿದ್ದು ಅದನ್ನೇ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದಾರೆ. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇದಕ್ಕಾಗಿಯೇ ನಿವೃತ್ತ ನ್ಯಾಯಮೂರ್ತಿ ರವೀಂದ್ರ ಭಟ್ ಅವರ ನೇತೃತ್ವದಲ್ಲಿ ಕಾರ್ಯಪಡೆ ಮಾಡಿತು. ಅಂಕಿ ಅಂಶ ಇವರಿಗೆ ಗೊತ್ತಿರಬೇಕಾಗಿಲ್ಲ. ತಮ್ಮ ಕಾಲೇಜಿನಲ್ಲಿ ಆದದ್ದು ಗೊತ್ತಿರುತ್ತದೆ. ನಮಗೆ ಕಾಮಿಡಿ ನಡುವಿನ ಸೆಂಟಿಮೆಂಟ್ ಆಗಿದ್ದದ್ದು ಅವರಿಗೆ ಸಿನಿಮಾದ ಮುಖ್ಯ ಭಾಗ.

ಕನ್ನಡದ ಗ್ಯಾಂಗು

ನಮ್ಮದರ ಕಡೆ ಬಂದರೆ, ಈಗಿನ ಕಾಲೇಜಿನವರಿಗೆ ‘ಹಳೇ ಕ್ಲಾಸಿಕ್’ ಅಂದರೆ ‘ಕಿರಿಕ್ ಪಾರ್ಟಿ’. ನನಗೆ ನಗು ಬಂತು. 2016ರ ಡಿಸೆಂಬರ್ 30ಕ್ಕೆ ಬಂದದ್ದು, ಮೊನ್ನೆ ಮೊನ್ನೆ ಬಂದ ಹಾಗಿದೆ. ಆಗ ಇವರು ನಾಲ್ಕನೇ ಕ್ಲಾಸು. ಹಾಸನದ ಎಂಜಿನಿಯರಿಂಗ್ ಕಾಲೇಜು, ರಕ್ಷಿತ್ ಶೆಟ್ಟಿಯ ಕರ್ಣ, ಅವನ ಗ್ಯಾಂಗು. ಎಲ್ಲರೂ ದುಡ್ಡು ಹಾಕಿ ಹಳೇ ಕಾರು ತೆಗೆದುಕೊಳ್ಳುವುದು, ಅದನ್ನು ದೇವರ ಹಾಗೆ ನೋಡಿಕೊಳ್ಳುವುದು, ಇವೆಲ್ಲ ಇವತ್ತಿಗೂ ಹಾಗೇ ನಗಿಸುತ್ತವೆ. ಕಮ್ಮಿ ದುಡ್ಡು, ಜಾಸ್ತಿ ಜನ, ಒಂದು ವಸ್ತು ಅನ್ನುವ ಲೆಕ್ಕ ಹಾಸ್ಟೆಲ್ ಇರುವ ತನಕ ಹಳತಾಗುವುದಿಲ್ಲ. ಸೀನಿಯರ್ ಸಾನ್ವಿಯ ಹಿಂದೆ ಕರ್ಣ ಸುತ್ತುವ ಭಾಗಕ್ಕೆ ಅಕ್ಕನ ಮಗಳು ‘ಇವನಿಗೆ ಕ್ಲಾಸ್ ಇಲ್ವಾ?’ ಅಂತಾಳೆ. ಅವಳಿಗೆ ಇಷ್ಟವಾದವಳು ದ್ವಿತೀಯಾರ್ಧದಲ್ಲಿ ಬರುವ ಆರ್ಯ. ಆರ್ಯ ಯಾರಿಗೂ ಕಾಯುವುದಿಲ್ಲ, ಬೇಕಾದದ್ದನ್ನು ಬಾಯಿಬಿಟ್ಟು ಹೇಳುತ್ತಾಳೆ, ಜೋಕನ್ನೂ ಅವಳೇ ಹೊಡೆಯುತ್ತಾಳೆ. ಒಂದೇ ಸಿನಿಮಾದೊಳಗೆ ಹಳೇ ಥರದ ನಾಯಕಿ ಮತ್ತು ಹೊಸ ಥರದ ನಾಯಕಿ ಇಬ್ಬರೂ ಇದ್ದಾರೆ. ಅದಕ್ಕೇ ಅದು ಅರ್ಧ ಸವೆದು ಅರ್ಧ ಹೊಸದಾಗಿ ಉಳಿದಿದೆ.

2023ರ ಜುಲೈನಲ್ಲಿ ಬಂದ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಬೇರೆ ದಾರಿ ಹಿಡಿಯಿತು. ನಿತಿನ್ ಕೃಷ್ಣಮೂರ್ತಿ ನಿರ್ದೇಶನ, ಹೊಸಬರ ದಂಡು. ಒಂದು ರಾತ್ರಿ, ಒಂದು ಹಾಸ್ಟೆಲ್, ವಾರ್ಡನ್ ಸಾವು. ಹುಡುಗಿ ಹಿಂದೆ ಸುತ್ತುವ ಗೋಜೇ ಇಲ್ಲ. ನಗು ಪೂರ್ತಿ ಗಡಿಬಿಡಿಯಿಂದ ಹುಟ್ಟುತ್ತದೆ. ನನಗೆ ಬಹಳ ಇಷ್ಟವಾದ ಸಿನಿಮಾ. ಆದರೆ ಒಂದು ತಕರಾರು ಇದೆ. ಹುಡುಗಿಯರನ್ನು ಹೇಗೆ ತೋರಿಸಬೇಕು ಅನ್ನುವ ಕಷ್ಟದ ಪ್ರಶ್ನೆಯನ್ನು ಇದು ಬಿಡಿಸಲಿಲ್ಲ, ಚಾಯ್ಸ್‌ನಲ್ಲಿ ಬಿಟ್ಟಿತು. ಕ್ಯಾಮೆರಾವನ್ನು ಕೊನೇ ಬೆಂಚಿನಿಂದ ಎಬ್ಬಿಸಿ ಹುಡುಗರ ಹಾಸ್ಟೆಲಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಿತು. ಹುಡುಗಿಯರ ಹಾಸ್ಟೆಲಿನ ಇಂಥದ್ದೇ ಒಂದು ಹುಚ್ಚು ರಾತ್ರಿಯ ಸಿನಿಮಾ ಕನ್ನಡದಲ್ಲಿ ಯಾಕಿಲ್ಲ? ಅಕ್ಕನ ಮಗಳು ಹೇಳುವ ಕಥೆ ಕೇಳಿದರೆ ಸರಕಿಗೇನೂ ಬರ ಇಲ್ಲ. ವಾರ್ಡನ್ ರೌಂಡ್ಸ್ ಬರುವ ಹೊತ್ತಿಗೆ ಇಂಡಕ್ಷನ್ ಸ್ಟೌ ಬಚ್ಚಿಡುವುದೇ ಒಂದು ರೀಲು ಆಗುತ್ತದೆ.

ಮತ್ತೆ ‘ತ್ರೀ ಈಡಿಯಟ್ಸ್’ಗೆ ಬಂದರೆ, ಹುಡುಗಿಯರು ತುಂಬಾ ನಕ್ಕದ್ದು ಯಾವುದಕ್ಕೆ ಅಂದರೆ, ಪರೀಕ್ಷೆಯ ದೃಶ್ಯಕ್ಕೆ. ಹೊತ್ತು ಮೀರಿದೆ ಅಂತ ಮೇಷ್ಟ್ರು ಮೂವರು ಗೆಳೆಯರ ಉತ್ತರ ಪತ್ರಿಕೆ ತೆಗೆದುಕೊಳ್ಳುವುದಿಲ್ಲ. ‘ನಾವು ಯಾರು ಗೊತ್ತಾ?’ ಅಂತ ರಾಂಚೋ ಕೇಳುತ್ತಾನೆ. ಗೊತ್ತಿಲ್ಲ ಅನ್ನುತ್ತಾರೆ. ಗೊತ್ತಿಲ್ವಲ್ಲ, ಸರಿ ಅಂತ ತಮ್ಮ ಪೇಪರನ್ನು ರಾಶಿಯೊಳಗೆ ಸೇರಿಸಿ, ಎಲ್ಲ ಕಲಸಿ ಓಡುತ್ತಾರೆ. ಈ ಜೋಕು ಸಿನಿಮಾಕ್ಕಿಂತ ಹಳೆಯದು, ನಮ್ಮ ಹಾಸ್ಟೆಲಿನಲ್ಲಿ ಆಗಲೇ ಓಡಾಡುತ್ತಿತ್ತು. ಅಕ್ಕನ ಮಗಳು ಅದನ್ನು ಎರಡು ಸಲ ಹಿಂದೆ ಮಾಡಿ ನೋಡಿದಳು. ‘ಈಗ ಬಾರ್‌ಕೋಡ್ ಇರುತ್ತೆ ಮಾಮ, ಓಡಿದ್ರೂ ಹಿಡೀತಾರೆ’ ಅಂದಳು, ಆದರೂ ನಕ್ಕಳು. ಮಷಿನ್ ಅಂದರೇನು ಅನ್ನುವ ಪಾಠಕ್ಕೂ ಹಾಗೇ. ಸರಳವಾಗಿ ಹೇಳಿದವನನ್ನು ಕ್ಲಾಸಿನಿಂದ ಹೊರಗೆ ಹಾಕುತ್ತಾರೆ, ಪುಸ್ತಕದ್ದು ಒದರಿದವನಿಗೆ ಶಹಬ್ಬಾಸ್ ಸಿಗುತ್ತದೆ. ಇಂಟರ್ನಲ್ಸ್, ಅಟೆಂಡೆನ್ಸ್ ಶಾರ್ಟೇಜ್, ಬ್ಯಾಕ್ ಉಳಿದ ಸಬ್ಜೆಕ್ಟು, ಪರೀಕ್ಷೆ ಹಿಂದಿನ ರಾತ್ರಿಯ ಪಾಸಿಂಗ್ ಪ್ಯಾಕೇಜು ಇರುವ ತನಕ ಇದು ನಡೆಯುತ್ತದೆ. ಆ ವಿಷಯದಲ್ಲಿ ಕಾಲೇಜು ಒಂದಿಂಚೂ ಬದಲಾಗಿಲ್ಲ. ಜೋಕಿಗೆ ಒಳ್ಳೇದೇ ಆಯಿತು ಅನ್ನಿ.

ಇನ್ನು ರಾಂಚೋನ ಗೆಳೆಯ ರಾಜುವಿನ ಮನೆ. ಬಡತನವನ್ನು ಹಳೇ ಕಪ್ಪುಬಿಳುಪು ಸಿನಿಮಾದ ಥರ ತೋರಿಸಿ ನಗಿಸುವ ಭಾಗ ಅದು. ಚಪಾತಿ ಲಟ್ಟಣಿಗೆಯಲ್ಲಿ ಗಂಡನ ಮೈ ಕೆರೆಯುವ ಅಮ್ಮ, ವರದಕ್ಷಿಣೆಗೆ ಕಾರು ಹೊಂದಿಸಲಾಗದೆ ಮದುವೆ ನಿಂತ ಅಕ್ಕ. ಹುಡುಗಿಯರು ‘ಪಾಪ’ ಅಂದರು, ನಗಲಿಲ್ಲ. ಆ ಹೊತ್ತಿಗೆ ಅಡುಗೆಮನೆ ಒರೆಸಿ ಮುಗಿಸಿ ಅಕ್ಕ ಬಂದು ಬಾಗಿಲಿಗೆ ಒರಗಿ ನಿಂತಿದ್ದಳು. ಪರದೆ ಮೇಲೆ ರಾಜುವಿನ ಅಮ್ಮ ಸಂಕಟದಿಂದ ಹೇಳುತ್ತಾಳೆ, ಬೆಂಡೆಕಾಯಿ ಕೆಜಿಗೆ 12 ರೂಪಾಯಿ ಆಗಿದೆ, ಹೂಕೋಸು 10 ರೂಪಾಯಿ. ಹೀಗೇ ಆದರೆ ಪನೀರನ್ನು ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿ ಬಂಗಾರದಂಗಡಿಯಲ್ಲಿ ಮಾರುತ್ತಾರೆ ಅಂತ.

ಅಕ್ಕ ಮೊದಲು ಸುಮ್ಮನಿದ್ದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅಲ್ಲೇ ಹೊಸ್ತಿಲ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ಹಾಗೆ ನಗತೊಡಗಿದಳು. ‘ಹನ್ನೆರಡಂತೆ ಕಣೋ, ಹನ್ನೆರಡು!’ ಅಂದಳು. ‘ಬೆಳಿಗ್ಗೆ ಕಾಲು ಕೆಜಿಗೆ ಕೊಟ್ಟು ಬಂದಿದೀನಿ ಅದಕ್ಕಿಂತ ಜಾಸ್ತಿ. ಲೋ, ಸ್ವಲ್ಪ ಹಿಂದೆ ಹಾಕು, ಇನ್ನೊಂದ್ಸಲ ನೋಡ್ತೀನಿ.’